ಕೆಟ್ಟರೆ ಕೆಡಲಿ, ಯಾಕೆಂದು ಹೇಳಲಿ

ನಂಜನಗೂಡಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ನಿಮ್ಮ ಬೈಕಿನ ಇಂಜಿನ್ ಬಿಚ್ಚುತ್ತಾನೆ. ಎರಡು ಗಂಟೆ ಅದರ ಮುಂದೆ ಕೂತಿರುತ್ತಾನೆ. ಕೊನೆಗೆ ಕೈ ಒರೆಸಿಕೊಂಡು, 'ಏನೋ ಸರಿಯಾಗಲಿಲ್ಲ, ನಂಬರ್ 80070643, ಆಮೇಲೆ ಇನ್ನೊಂದು ಸಲ ಪ್ರಯತ್ನಿಸಿ' ಎಂದು ಹೇಳಿ ಒಳಗೆ ಹೋಗುತ್ತಾನೆ. ನೀವು ಏನು ಮಾಡುತ್ತೀರಿ? ಸುಮ್ಮನೆ ಮನೆಗೆ ಹೋಗಿ, ನನಗೇ ಬೈಕಿನ ವಿಷಯ ಗೊತ್ತಿಲ್ಲ, ತಪ್ಪು ನನ್ನದೇ ಇರಬೇಕು ಎಂದು ತಲೆ ತಗ್ಗಿಸಿ ಕೂರುತ್ತೀರಾ? ಖಂಡಿತ ಇಲ್ಲ. ಆದರೆ ಮನೆಯ ಕಂಪ್ಯೂಟರಿನ ಮುಂದೆ ನಾವೆಲ್ಲ ಹೀಗೇ ತಲೆ ತಗ್ಗಿಸಿ ಕೂರುತ್ತೇವೆ. ಅಪ್‌ಡೇಟ್ ಕೈಕೊಟ್ಟಾಗ ತೆರೆಯ ಮೇಲೆ ಬರುವ ಮಾತು ಆ ಮೆಕ್ಯಾನಿಕ್‌ನ ಮಾತಿಗಿಂತ ಒಂದಿಷ್ಟೂ ಉತ್ತಮವಾಗಿರುವುದಿಲ್ಲ. ಆದರೂ ಅದನ್ನು ಕೇಳಿ ಸಿಟ್ಟಾಗುವ ಬದಲು ನಾಚಿಕೊಳ್ಳುತ್ತೇವೆ.

ಈ ಲೇಖನದ ತಕರಾರು ಒಂದೇ. ಯಂತ್ರ ಕೆಡುವುದರ ಬಗ್ಗೆ ನನಗೆ ದೂರಿಲ್ಲ. ಮನುಷ್ಯ ಮಾಡಿದ್ದೆಲ್ಲ ಕೆಡುತ್ತದೆ. ಕೆಟ್ಟ ಕಾರಣವನ್ನು ಯಜಮಾನನಿಗೆ ಹೇಳದೇ ಇರುವುದು, ಸರಿಪಡಿಸುವ ದಾರಿಯನ್ನು ಅವನಿಂದ ಮುಚ್ಚಿಡುವುದು, ಆಮೇಲೆ ಸರಿಪಡಿಸುವ ದುಡಿಮೆಯನ್ನೆಲ್ಲ ಅವನ ತಲೆಗೇ ಕಟ್ಟುವುದು, ಇದು ತಾಂತ್ರಿಕ ದೋಷವಲ್ಲ. ಇದು ವ್ಯಾಪಾರದ ರೀತಿ. ಈ ರೀತಿಯನ್ನು ನಾವು ಒಪ್ಪಿಕೊಳ್ಳಬೇಕಾಗಿಲ್ಲ.

ಆ ನಂಬರನ್ನು ನಾನು ಸುಮ್ಮನೆ ಹುಟ್ಟಿಸಲಿಲ್ಲ. 2024ರ ಜನವರಿ 9ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10 ಇರುವ ಕಂಪ್ಯೂಟರ್‌ಗಳಿಗೆ ಒಂದು ಭದ್ರತಾ ಅಪ್‌ಡೇಟ್ ಕಳಿಸಿತು. ಅದರ ಗುರುತು ಕೆಬಿ 5034441. ಜಗತ್ತಿನಾದ್ಯಂತ ಎಷ್ಟೋ ಮನೆಗಳಲ್ಲಿ ಅದು ಇಳಿಯಿತು, ಅರ್ಧಕ್ಕೆ ನಿಂತಿತು, 80070643 ಎಂಬ ಸಂಖ್ಯೆ ತೋರಿಸಿತು. ಮತ್ತೆ ಪ್ರಯತ್ನಿಸಿದರೆ ಮತ್ತೆ ಅದೇ. ಈ ಸಂಖ್ಯೆಗೆ 'ಇನ್‌ಸ್ಟಾಲ್ ಆಗಲಿಲ್ಲ' ಎಂಬುದನ್ನು ಬಿಟ್ಟು ಬೇರೆ ಅರ್ಥವಿಲ್ಲ. ಇನ್‌ಸ್ಟಾಲ್ ಆಗಲಿಲ್ಲವೆಂಬುದು ನಮಗೇ ಕಾಣುತ್ತಿತ್ತು. ಅದಕ್ಕೆ ಸಂಖ್ಯೆ ಯಾಕೆ ಬೇಕಿತ್ತು?

ನಿಜವಾದ ಕಾರಣ ಬಹಳ ಸರಳ. ಕಂಪ್ಯೂಟರಿನ ಡಿಸ್ಕಿನಲ್ಲಿ ನಮ್ಮ ಸಿ ಡ್ರೈವ್, ಡಿ ಡ್ರೈವ್ ಅಲ್ಲದೆ ಕಣ್ಣಿಗೆ ಕಾಣದ ಒಂದು ಪುಟ್ಟ ಕೋಣೆಯೂ ಇರುತ್ತದೆ. ಅದಕ್ಕೆ ರಿಕವರಿ ಪಾರ್ಟಿಷನ್ ಎನ್ನುತ್ತಾರೆ. ವಿಂಡೋಸ್ ಏಳದೇ ಹೋದಾಗ ಅದನ್ನು ಎಬ್ಬಿಸಲು ಬೇಕಾದ ಸಾಮಾನು ಅಲ್ಲಿರುತ್ತದೆ. ಆ ಅಪ್‌ಡೇಟ್‌ಗೆ ಆ ಕೋಣೆಯಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಅಷ್ಟು ಜಾಗ ಇರಲಿಲ್ಲ. ಆ ಕೋಣೆಯ ಅಳತೆಯನ್ನು ನೀವಾಗಲಿ ನಾನಾಗಲಿ ಹಾಕಿದ್ದಲ್ಲ. ವಿಂಡೋಸ್ ಹಾಕುವಾಗ ಅದರ ಇನ್‌ಸ್ಟಾಲರೇ, ಇಲ್ಲವೇ ಕಂಪ್ಯೂಟರ್ ಮಾಡಿದ ಕಂಪನಿಯೇ ಹಾಕಿದ್ದು.

'ರಿಕವರಿ ಪಾರ್ಟಿಷನ್‌ನಲ್ಲಿ ಜಾಗ ಸಾಲದು' ಎಂದು ಹೇಳಿದ್ದರೆ ನಾಲ್ಕೇ ಪದದಲ್ಲಿ ಮುಗಿಯುತ್ತಿತ್ತು. ಒಳಗಿನ ತಂತ್ರಾಂಶಕ್ಕೆ ಈ ಕಾರಣ ಗೊತ್ತಿತ್ತು. ದೋಷದ ಸಂಖ್ಯೆಗಳನ್ನು ನಿಭಾಯಿಸುವುದರಲ್ಲಿ ಆದ ಇನ್ನೊಂದು ತಪ್ಪಿನಿಂದಾಗಿ ಸರಿಯಾದ ಸಂದೇಶದ ಬದಲು ಈ ಸಂಖ್ಯೆ ಕಾಣಿಸುತ್ತಿದೆ ಎಂದು ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಬರೆಯಿತು. ಅಂದರೆ ತಪ್ಪಿನ ಮೇಲೊಂದು ತಪ್ಪು. ಆಯಿತು, ಹೀಗೂ ಆಗುತ್ತದೆ. ಆದರೆ ಪರಿಹಾರ ಏನು ಹೇಳಿದರು? ಮನೆಯಲ್ಲಿರುವವರು ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು, ಸಿ ಡ್ರೈವ್‌ನಿಂದ 250 ಎಂಬಿ ಕತ್ತರಿಸಬೇಕು, ಇರುವ ರಿಕವರಿ ಪಾರ್ಟಿಷನ್ ಅಳಿಸಬೇಕು, ಹೊಸದನ್ನು ಕಟ್ಟಬೇಕು. ಒಂದು ಅಂಕಿ ತಪ್ಪಿದರೆ ಅಳಿಸಿ ಹೋಗುವುದು ರಿಕವರಿ ಕೋಣೆಯಲ್ಲ, ಮಗಳ ನಾಮಕರಣದ ಫೋಟೋ. ಅದನ್ನು ತಾನಾಗಿಯೇ ಸರಿಪಡಿಸುವ ಅಪ್‌ಡೇಟ್ ಮುಂದೆ ಬರುವುದಿಲ್ಲ ಎಂದೂ ಕಂಪನಿ ಕೆಲವು ತಿಂಗಳ ನಂತರ ಹೇಳಿತು. ಇದರಲ್ಲಿ ಇನ್ನೊಂದು ತಮಾಷೆಯಿದೆ. ರಿಕವರಿ ವ್ಯವಸ್ಥೆಯೇ ಚಾಲೂ ಇಲ್ಲದ ಕಂಪ್ಯೂಟರ್‌ಗಳಿಗೆ ಈ ಅಪ್‌ಡೇಟ್ ಬೇಕಾಗಿಯೇ ಇರಲಿಲ್ಲ. ಅಲ್ಲಿಯೂ ಅದು ಬಂತು, ಅಲ್ಲಿಯೂ ಕೆಟ್ಟಿತು. ಅವರು ಆ ದೋಷವನ್ನು ಕಡೆಗಣಿಸಬಹುದಂತೆ!

ಈಗ ಇದನ್ನು ನಮ್ಮ ಕಡೆಯ ಒಂದು ಮನೆಗೆ ತಂದು ನೋಡಿ. ಬದನವಾಳಿನಂಥ ಊರಿನಲ್ಲಿ ಕಂಪ್ಯೂಟರ್ ಇರುವ ಮನೆಯಲ್ಲಿ ಅದು ಇರುವುದು ಒಂದೇ. ಮಗ ಕಾಲೇಜಿನ ಪ್ರಾಜೆಕ್ಟ್ ಮಾಡುವುದು ಅದರಲ್ಲೇ, ಅಕ್ಕ ಸಂಘದ ಲೆಕ್ಕ ಬರೆಯುವುದು ಅದರಲ್ಲೇ, ಅಪ್ಪ ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ ಟೈಪಾಗುವುದೂ ಅದರಲ್ಲೇ. ಇಂಟರ್‌ನೆಟ್ ಬರುವುದು ಮೊಬೈಲಿನ ಹಾಟ್‌ಸ್ಪಾಟ್‌ನಿಂದ, ದಿನಕ್ಕೆ ಇಷ್ಟು ಜಿಬಿ ಎಂಬ ಲೆಕ್ಕದಲ್ಲಿ. ದೊಡ್ಡ ಅಪ್‌ಡೇಟ್ ಒಂದು ನಾಲ್ಕೈದು ಜಿಬಿ ತಿನ್ನುತ್ತದೆ. ಅದು ಇಳಿದು, ರೀಸ್ಟಾರ್ಟ್ ಆಗಿ, ಶೇಕಡಾ 30ಕ್ಕೆ ಬಂದು ನಿಂತಾಗ 'ಕಂಪ್ಯೂಟರ್ ಆಫ್ ಮಾಡಬೇಡಿ' ಎಂದು ತೆರೆ ಹೇಳುತ್ತದೆ. ಕರೆಂಟಿಗೆ ಈ ಮಾತು ಕೇಳಿಸುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ 'ಬದಲಾವಣೆಗಳನ್ನು ಹಿಂತೆಗೆದುಕೊಳ್ಳಲಾಗುತ್ತಿದೆ' ಎಂಬ ಸಾಲು. ಅದೃಷ್ಟ ಚೆನ್ನಾಗಿದ್ದರೆ ಹಳೆಯ ಸ್ಥಿತಿಗೆ ಬರುತ್ತದೆ. ಇಲ್ಲದಿದ್ದರೆ ನೀಲಿ ಪರದೆ. ಮರುದಿನ ಸಿಪಿಯು ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿಗೋ ಮೈಸೂರಿಗೋ ಹೊರಡಬೇಕು.

ಅಂಗಡಿಯವನು ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತು. 'ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್.' ಅವನನ್ನು ಬೈಯುವುದು ಸುಲಭ. ಆದರೆ ಅವನಾದರೂ ಏನು ಮಾಡಬೇಕು? ಯಾವ ಫೈಲ್ ಕೆಟ್ಟಿತು, ಯಾವ ಡ್ರೈವರ್ ಹೊಂದಲಿಲ್ಲ, ಎಲ್ಲಿ ಜಾಗ ಸಾಲಲಿಲ್ಲ ಎಂದು ಯಂತ್ರ ಅವನಿಗೂ ಬಾಯಿ ಬಿಡುವುದಿಲ್ಲ. ಕಾರಣ ಹುಡುಕಲು ಒಂದು ದಿನ ಬೇಕು, ಫಾರ್ಮ್ಯಾಟ್ ಮಾಡಲು ಒಂದು ಗಂಟೆ ಸಾಕು. ನಾಲ್ಕು ನೂರೋ ಐದು ನೂರೋ ಕೊಡುವ ಗಿರಾಕಿಗೆ ಅವನು ಒಂದು ದಿನ ಕೊಡಲಾರ. ಮಾಡಿದವನು ಬಾಯಿ ಮುಚ್ಚಿಕೊಂಡಾಗ ರಿಪೇರಿ ಮಾಡುವವನ ಕೈಯಲ್ಲಿ ಉಳಿಯುವ ಉಪಕರಣ ಸುತ್ತಿಗೆಯೊಂದೇ. ರೋಗ ಗೊತ್ತಿಲ್ಲದಿದ್ದರೆ ರೋಗಿಯನ್ನೇ ಸುಟ್ಟು ಹೊಸಬನನ್ನು ಹುಟ್ಟಿಸುವ ವೈದ್ಯ ಇದು.

ಕನ್ನಡದವರಿಗೆ ಈ ಸುತ್ತಿಗೆಯ ಪೆಟ್ಟು ಇನ್ನೊಂದು ಕಡೆಯೂ ಬೀಳುತ್ತದೆ. ನಮ್ಮ ಊರುಗಳ ಕಂಪ್ಯೂಟರ್‌ಗಳಲ್ಲಿ ಇರುವ ಹಳೆಯ ಕನ್ನಡ ಬರಹ ಬಹುಪಾಲು ಯುನಿಕೋಡ್ ಅಲ್ಲ. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ, ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಾದದ್ದು. ಆ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಮಾಡಿದ ಉಪಾಯ. ಫಾಂಟ್ ಇರುವ ತನಕ ಕನ್ನಡ. ಫಾರ್ಮ್ಯಾಟ್ ಆಗಿ ಫಾಂಟ್ ಹೋದ ಕೂಡಲೇ ಅದೇ ಫೈಲ್ ಯಾವುದೋ ಲೋಕದ ಗೀಚಾಟ. ಡಿ ಡ್ರೈವ್‌ನಲ್ಲಿ ಫೈಲ್ ಉಳಿದಿದ್ದರೂ ಮನೆಯವರು ಅದನ್ನು ತೆರೆದು ನೋಡಿ 'ಕೆಟ್ಟುಹೋಗಿದೆ' ಎಂದು ಅಳಿಸುತ್ತಾರೆ. ಎಷ್ಟು ದೇವಸ್ಥಾನದ ಲೆಕ್ಕ, ಎಷ್ಟು ಸಂಘದ ನಡಾವಳಿ, ಎಷ್ಟು ಊರಿನ ಕವಿಯ ಹಸ್ತಪ್ರತಿ ಹೀಗೆ ಹೋಗಿರಬಹುದು? ಅದರ ಲೆಕ್ಕ ಯಾವ ಕಂಪನಿಯೂ ಇಟ್ಟಿಲ್ಲ. ಇಡಬೇಕೆಂದು ನಾವೂ ಕೇಳಿಲ್ಲ.

ಬದನವಾಳಿನ ಹೆಸರು ಎತ್ತಿದ್ದು ಸುಮ್ಮನೆ ಅಲ್ಲ. 1920ರ ದಶಕದಲ್ಲಿ ಖಾದಿ ಕೆಲಸ ಬೇರುಬಿಟ್ಟ, ಗಾಂಧೀಜಿ ಬಂದುಹೋದ ಊರು ಅದು. ತಗಡೂರು ರಾಮಚಂದ್ರರಾಯರ ಸೀಮೆ. ಯಂತ್ರ ಎಂದರೆ ಏನು, ಅದು ಯಾರ ಕೈಯಲ್ಲಿರಬೇಕು ಎಂಬ ವಾದ ನಮ್ಮಲ್ಲಿ ನೂಲಿನಷ್ಟೇ ಹಳೆಯದು. ಗಾಂಧಿ ಯಂತ್ರದ ವೈರಿ ಎಂಬ ಸೋಮಾರಿ ಮಾತನ್ನು ಬದಿಗಿಡಿ. ಸಿಂಗರ್ ಹೊಲಿಗೆ ಯಂತ್ರವನ್ನು ಹೊಗಳಿದ ಮನುಷ್ಯ ಅವರು. 1929ರಲ್ಲಿ ಅಖಿಲ ಭಾರತ ಚರಕ ಸಂಘ ಒಳ್ಳೆಯ ರಾಟೆಯೊಂದನ್ನು ಕಂಡುಹಿಡಿದವರಿಗೆ 1 ಲಕ್ಷ ರೂಪಾಯಿ ಬಹುಮಾನ ಸಾರಿತು. ಆ ಕಾಲದ 1 ಲಕ್ಷ! ಅದಕ್ಕೆ ಹಾಕಿದ ಷರತ್ತುಗಳನ್ನು ಇವತ್ತು ಓದಬೇಕು.

ರಾಟೆ ಹಗುರವಾಗಿರಬೇಕು, ಹಳ್ಳಿಯ ಗುಡಿಸಲಿನಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯುವಂತಿರಬೇಕು. ಹೆಂಗಸೊಬ್ಬಳು ಹೆಚ್ಚು ಆಯಾಸವಿಲ್ಲದೆ ಎಂಟು ಗಂಟೆ ಅದರಲ್ಲಿ ದುಡಿಯುವಂತಿರಬೇಕು. ಎಂಟು ಗಂಟೆಗೆ 16,000 ಅಡಿ ನೂಲು ಕೊಡಬೇಕು. ಭಾರತದಲ್ಲಿ ತಯಾರಿಸಲು 150 ರೂಪಾಯಿಗಿಂತ ಹೆಚ್ಚು ತಗಲಬಾರದು. ಕೊನೆಯ ಷರತ್ತು ನಮಗೆ ಬೇಕಾದದ್ದು: ಸಕಾಲಕ್ಕೆ ರಿಪೇರಿ ಮಾಡುತ್ತಿದ್ದರೆ ಕನಿಷ್ಠ 20 ವರ್ಷ ನಿಲ್ಲದೆ ನಡೆಯಬೇಕು, ವರ್ಷದ ರಿಪೇರಿ ಖರ್ಚು ಯಂತ್ರದ ಬೆಲೆಯ ಶೇಕಡಾ 5ನ್ನು ಮೀರಬಾರದು.

20 ವರ್ಷ, ಶೇಕಡಾ 5. ಇದು ಭಾವುಕತೆಯಲ್ಲ, ಎಂಜಿನಿಯರಿಂಗ್ ಭಾಷೆ. ಇಲ್ಲಿ ಗಮನಿಸಬೇಕಾದ್ದು, 'ಕೆಡಬಾರದು' ಎಂಬ ಷರತ್ತು ಎಲ್ಲೂ ಇಲ್ಲ. ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡಿದ್ದಾರೆ. ಕೆಟ್ಟದ್ದು ಸರಿಯಾಗಬೇಕು, ಬಡವರ ಕೈಗೆಟಕುವ ಖರ್ಚಿನಲ್ಲಿ ಸರಿಯಾಗಬೇಕು, ಬಹಳ ಕಾಲ ಬಾಳಬೇಕು. ಮನೆಯೊಳಗೆ ಬರುವ ಯಾವುದೇ ಯಂತ್ರಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆಯನ್ನು ನಾನು ಕಂಡಿಲ್ಲ. ಈ ಪರೀಕ್ಷೆಗೆ ನಮ್ಮ ಮನೆಯ ಕಂಪ್ಯೂಟರನ್ನು ಕೂರಿಸಿ ನೋಡೋಣ.

2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರು ಬದನವಾಳಿನ ಪಾಳುಬಿದ್ದ ಖಾದಿ ಕೇಂದ್ರದಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ, ಸಮಾವೇಶ ನಡೆಸಿದರು. ಅದೇ ವರ್ಷ ಜುಲೈ 29ರಂದು ವಿಂಡೋಸ್ 10 ಬಿಡುಗಡೆಯಾಯಿತು. ಇದೇ ಕೊನೆಯ ವಿಂಡೋಸ್, ಇನ್ನು ಮುಂದೆ ಇದೇ ಬೆಳೆಯುತ್ತಾ ಹೋಗುತ್ತದೆ ಎಂಬ ಮಾತು ಆ ಕಂಪನಿಯ ಉದ್ಯೋಗಿಯೊಬ್ಬರ ಬಾಯಿಂದಲೇ ಬಂದು ಜಗತ್ತೆಲ್ಲ ಹರಡಿತ್ತು. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹತ್ತು ವರ್ಷ ಎರಡೂವರೆ ತಿಂಗಳು. ರಾಟೆಗೆ ಕೇಳಿದ ಆಯಸ್ಸಿನ ಅರ್ಧ.

ಹತ್ತು ವರ್ಷವೂ ಎಲ್ಲರಿಗೂ ಸಿಗಲಿಲ್ಲ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕು. ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಆ ವರ್ಷ ಸಾಲ ಮಾಡಿ ಏಳನೇ ಪೀಳಿಗೆಯ ಕಂಪ್ಯೂಟರ್ ಕೊಂಡವನಿಗೆ ನಾಲ್ಕೇ ವರ್ಷದಲ್ಲಿ 'ನಿಮ್ಮ ಯಂತ್ರ ಯೋಗ್ಯವಲ್ಲ' ಎಂಬ ಫಲಕ ಕಾಣಿಸಿತು. ಯಂತ್ರ ಓಡುತ್ತಿತ್ತು. ಫ್ಯಾನ್ ತಿರುಗುತ್ತಿತ್ತು, ಅಕ್ಷರ ಮೂಡುತ್ತಿತ್ತು. ಅದಕ್ಕೆ ವಯಸ್ಸಾಗಿರಲಿಲ್ಲ, ವಯಸ್ಸಾಗಿದೆ ಎಂದು ಬೇರೆಯವರು ತೀರ್ಮಾನಿಸಿದರು. ಹೀಗೆ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಕಸವಾಗಬಹುದು ಎಂದು ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜು ಮಾಡಿತು.

ಬೆಂಬಲ ಇನ್ನೊಂದು ವರ್ಷ ಬೇಕೆಂದವರಿಗೆ ಒಂದು ಬಾಗಿಲು ಇಟ್ಟರು. 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಹಣ ಕೊಡಿ, ಇಲ್ಲವೇ ಅವರ ರಿವಾರ್ಡ್ಸ್ ಯೋಜನೆಯ 1,000 ಅಂಕ ಕೊಡಿ, ಅದೂ ಇಲ್ಲದಿದ್ದರೆ ನಿಮ್ಮ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಬ್ಯಾಕಪ್ ಮಾಡಿ. ಯುರೋಪಿನ ಗ್ರಾಹಕ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಜಗಳ ಮಾಡಿದವು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ಐರೋಪ್ಯ ಆರ್ಥಿಕ ವಲಯದವರಿಗೆ ದುಡ್ಡಿಲ್ಲದೆ, ಬ್ಯಾಕಪ್‌ನ ಒತ್ತಾಯವಿಲ್ಲದೆ, ಖಾತೆಗೆ ಲಾಗಿನ್ ಆಗಿದ್ದರೆ ಸಾಕೆಂದು ಕೊಟ್ಟಿತು. ನಮಗೆ ಹಳೆಯ ಷರತ್ತೇ ಉಳಿಯಿತು. ಅದೇ ತಂತ್ರಾಂಶ, ಅದೇ ದೋಷ, ಅದೇ ಪರಿಹಾರ. ಬೆಲ್ಜಿಯಂನವನಿಗೆ ಒಂದು ನ್ಯಾಯ, ಬದನವಾಳಿನವನಿಗೆ ಇನ್ನೊಂದು. ಅಳುವ ಮಗುವಿಗೆ ಹಾಲು ಎನ್ನುತ್ತಾರಲ್ಲ, ಅಷ್ಟೇ ವ್ಯತ್ಯಾಸ. ಅವರು ಅತ್ತರು, ನಾವು ಫಾರ್ಮ್ಯಾಟ್ ಮಾಡಿಸಿಕೊಂಡೆವು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡಕ್ಕೂ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ.

ಮೊದಲನೆಯದು, ಇದು ಹಳ್ಳಿಯ ಬಗೆಗಿನ ಹಳಹಳಿಕೆ ಎಂಬುದು. ಅಲ್ಲ. ರಾಟೆ ತಿರುಗಿದ ಊರಿನಲ್ಲೇ 1993ರಲ್ಲಿ ದಲಿತರ ಕೊಲೆಗಳೂ ಆದವು. ಆ ಬಳಿಕ ಮುಚ್ಚಿಹೋದ, ಎರಡು ಕೇರಿಗಳ ನಡುವಿನ ದಾರಿ ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು. ರಾಟೆ ಇದ್ದ ಮಾತ್ರಕ್ಕೆ ಊರು ನ್ಯಾಯದ ಊರಾಗಲಿಲ್ಲ. ಹಾಗಾಗಿ ನಾನು ಯಾರಿಗೂ ಕಂಪ್ಯೂಟರ್ ಬಿಟ್ಟು ರಾಟೆ ಹಿಡಿಯಿರಿ ಎನ್ನುತ್ತಿಲ್ಲ. ಕಂಪ್ಯೂಟರ್ ಬೇಕು. ಯಾವ ಮೇಲ್ಜಾತಿಯ ಜಗಲಿಯನ್ನೂ ಕಾಯದೆ ಸ್ಕಾಲರ್‌ಶಿಪ್ ಅರ್ಜಿ ಹಾಕಲು, ಪಹಣಿ ತೆಗೆಯಲು, ಜಗತ್ತನ್ನು ಓದಲು ಒಬ್ಬ ಹುಡುಗಿಗೆ ಅದು ಬೇಕೇ ಬೇಕು. ಅವಳಿಗೆ ಅದು ಅಷ್ಟು ಮುಖ್ಯವಾದ್ದರಿಂದಲೇ ಅದನ್ನು ಕೆಡಿಸುವ ಅಧಿಕಾರ ದೂರದ ಕಂಪನಿಯೊಂದರ ಕೈಯಲ್ಲಿ ಲಂಗುಲಗಾಮಿಲ್ಲದೆ ಇರಬಾರದು. ಇನ್ನೊಂದು ಕಂಪ್ಯೂಟರ್ ಇದ್ದವರಿಗೆ ಕೆಟ್ಟ ಅಪ್‌ಡೇಟ್ ಒಂದು ಕಿರಿಕಿರಿ. ಒಂದೇ ಇದ್ದವಳಿಗೆ ಅದು ಅರ್ಜಿಯ ಕೊನೆಯ ದಿನ.

ಎರಡನೆಯದು ಗಟ್ಟಿಯಾದ ಆಕ್ಷೇಪ. ಅಪ್‌ಡೇಟ್ ಇಲ್ಲದಿದ್ದರೆ ಕಳ್ಳರು ನುಗ್ಗುತ್ತಾರಲ್ಲ? ನಿಜ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ವೈರಸ್ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರ್‌ಗಳನ್ನು ಒತ್ತೆಯಾಗಿಟ್ಟುಕೊಂಡಿತು. ಅದಕ್ಕೆ ಮದ್ದು ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆದ್ದರಿಂದ ಅಪ್‌ಡೇಟನ್ನೇ ನಿಲ್ಲಿಸಿ ಎನ್ನುವವರ ಮಾತು ಕೇಳಬೇಡಿ. ಆದರೆ ಅದೇ ವಾನ್ನಾಕ್ರೈ ಇನ್ನೊಂದು ಸತ್ಯವನ್ನೂ ಹೊರಹಾಕಿತು. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್‌ನಲ್ಲೇ ಮುಗಿದಿತ್ತು. ವೈರಸ್ ಹರಡಿದ ಕೂಡಲೇ, ಮೂರು ವರ್ಷದ ಹಿಂದೆ ಕೈಬಿಟ್ಟಿದ್ದ ಅದೇ ಎಕ್ಸ್‌ಪಿಗೂ ಕಂಪನಿ ಮದ್ದು ಬಿಡುಗಡೆ ಮಾಡಿತು, ಪುಕ್ಕಟೆಯಾಗಿ. ಅಂದರೆ ಹಳೆಯ ಯಂತ್ರಕ್ಕೆ ಭದ್ರತೆ ಕೊಡಲು 'ಸಾಧ್ಯವಿಲ್ಲ' ಎಂಬುದು ಪೂರ್ತಿ ನಿಜವಲ್ಲ. ಕೊಡುವ ಮನಸ್ಸಿಲ್ಲ ಎಂಬುದು ನಿಜ. ಮೇಲೆ ಹೇಳಿದ 30 ಡಾಲರ್ ಯೋಜನೆಯೂ ಇದನ್ನೇ ಸಾರುತ್ತದೆ. ದುಡ್ಡು ಕೊಟ್ಟರೆ ಸಿಗುವ ವಸ್ತು ಅಸಾಧ್ಯವಾದ ವಸ್ತು ಹೇಗಾದೀತು?

ಭದ್ರತೆಯ ಹೆಸರಿನಲ್ಲಿ ನಡೆಯುವುದೆಲ್ಲ ಭದ್ರತೆಯೂ ಅಲ್ಲ. 2016ರಲ್ಲಿ ವಿಂಡೋಸ್ 7 ಮತ್ತು 8.1 ಇದ್ದವರ ತೆರೆಯ ಮೇಲೆ ವಿಂಡೋಸ್ 10ಕ್ಕೆ ಬನ್ನಿ ಎಂಬ ಚೌಕಟ್ಟು ಮೂಡುತ್ತಿತ್ತು. ಬೇಡವೆಂದು ಮೂಲೆಯ ಕತ್ತರಿ ಗುರುತು ಒತ್ತಿದರೆ, ಅದು ಬೇಡವೆಂದಲ್ಲ, ನಿಗದಿಯಾದ ಸಮಯಕ್ಕೆ ಆಗಲಿ ಎಂದು ಅರ್ಥವಾಗುತ್ತಿತ್ತು. ಮನೆ ಬಾಗಿಲು ಹಾಕಿಕೊಂಡರೆ ಒಳಗೆ ಬನ್ನಿ ಎಂದು ತಿಳಿದುಕೊಳ್ಳುವ ನೆಂಟ! ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುವ ಹೆಣ್ಣುಮಗಳೊಬ್ಬರ ಕಂಪ್ಯೂಟರ್‌ನಲ್ಲಿ ಈ ಅಪ್‌ಗ್ರೇಡ್ ಕೆಟ್ಟು ಕೆಲಸ ನಿಂತಿತು. ಅವರು ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋದರು, 10,000 ಡಾಲರ್ ಪರಿಹಾರ ಗೆದ್ದರು. ಕಂಪನಿ ತಪ್ಪನ್ನು ಒಪ್ಪಲಿಲ್ಲ, ಆದರೆ ಮೇಲ್ಮನವಿಯನ್ನು ಕೈಬಿಟ್ಟಿತು. ಆ ಚೌಕಟ್ಟಿನಲ್ಲಿ ಬೇಡ ಎನ್ನಲು ಸ್ಪಷ್ಟವಾದ ಗುಂಡಿ ಬಂದದ್ದೂ ಅದೇ ದಿನಗಳಲ್ಲಿ.

2018ರ ಅಕ್ಟೋಬರ್ 2ರಂದು ಬಂದ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲ್‌ಗಳನ್ನೇ ಅಳಿಸಿತು. ನಾಲ್ಕು ದಿನದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ದೂರು ಬಂದದ್ದು ಬಹಳ ಸಣ್ಣ ಪ್ರಮಾಣ, ಶೇಕಡಾ 1ರ ನೂರನೇ ಒಂದು ಭಾಗ ಎಂದರು. ಕಳೆದುಕೊಂಡವನಿಗೆ ಶೇಕಡಾವಾರು ಎಂಬುದು ಇರುವುದಿಲ್ಲ. ಅವನದ್ದು ಪೂರ್ತಿ ನೂರಕ್ಕೆ ನೂರು ಹೋಗಿರುತ್ತದೆ. ಇನ್ನು 2025ರ ಅಕ್ಟೋಬರ್ 14, ವಿಂಡೋಸ್ 10ನ್ನು ಬೀಳ್ಕೊಟ್ಟ ಅದೇ ದಿನ, ವಿಂಡೋಸ್ 11ಕ್ಕೆ ಬಂದ ಅಪ್‌ಡೇಟ್ ಏನು ಮಾಡಿತು ಗೊತ್ತೇ? ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆ, ಮೌಸ್ ಎರಡೂ ಕೆಲಸ ಮಾಡದಂತೆ ಮಾಡಿತು. ಮನೆಗೆ ಬೆಂಕಿ ಬಿದ್ದಾಗ ಓಡಿಹೋಗಲು ಇಟ್ಟ ಬಾಗಿಲಿನ ಚಿಲಕವೇ ಮಾಯ. ಆರು ದಿನಕ್ಕೆ ಸರಿಪಡಿಸಿದರು. ಹಳೆಯದನ್ನು ಬಿಟ್ಟು ಸುರಕ್ಷಿತವಾದ ಹೊಸದಕ್ಕೆ ಬನ್ನಿ ಎಂದು ಕರೆದ ದಿನವೇ ಇದು ನಡೆಯಿತೆಂಬುದನ್ನು ನೆನಪಿಡಿ.

ಇದೆಲ್ಲಕ್ಕಿಂತ ನನಗೆ ಹೆಚ್ಚು ಕಾಡುವುದು ಬೀಗದ ಕೈಯ ವಿಷಯ. 2024ರ ನಂತರದ ವಿಂಡೋಸ್ 11ನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ, ಯಂತ್ರದಲ್ಲಿ ಅದಕ್ಕೆ ಬೇಕಾದ ಸೌಲಭ್ಯ ಇದ್ದಲ್ಲಿ, ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಇದು ಒಳ್ಳೆಯದೇ. ಆದರೆ ಅಪ್‌ಡೇಟ್ ಕೆಟ್ಟ ದಿನ ಅದು ನಿಮ್ಮನ್ನೇ 48 ಅಂಕಿಯ ಕೀ ಕೇಳಬಹುದು. 2025ರ ಮೇ ತಿಂಗಳ ಒಂದು ಅಪ್‌ಡೇಟ್ ನಂತರ ಕೆಲವು ವಿಂಡೋಸ್ 10 ಯಂತ್ರಗಳು ಹೀಗೆ ಕೇಳಿದ್ದೂ ಆಯಿತು. ಆ ಕೀ ಎಲ್ಲಿದೆ? ಕಂಪನಿಯ ಸರ್ವರ್‌ನಲ್ಲಿ, ಯಾವುದೋ ಇಮೇಲ್ ಖಾತೆಯ ಹಿಂದೆ. ಆ ಖಾತೆ ಯಾವುದು? ಅಂಗಡಿಯ ಹುಡುಗ ಕಂಪ್ಯೂಟರ್ ಮಾರುವಾಗ ಅವಸರದಲ್ಲಿ ತೆರೆದುಕೊಟ್ಟದ್ದು. ಪಾಸ್‌ವರ್ಡ್ ಬರೆದ ಚೀಟಿ ಎಲ್ಲೋ. ಹೀಗೆ ನಿಮ್ಮ ಮನೆ, ನಿಮ್ಮ ಪೆಟ್ಟಿಗೆ, ನಿಮ್ಮ ಫೋಟೋ. ಬೀಗದ ಕೈ ಮಾತ್ರ ಸಮುದ್ರದಾಚೆ.

ಹಾಗಾದರೆ ಏನು ಕೇಳಬೇಕು? ನನ್ನ ಪಟ್ಟಿ ಸಣ್ಣದು.

ಒಂದು, ಕೆಟ್ಟಾಗ ಕಾರಣವನ್ನು ಮಾತಿನಲ್ಲಿ ಹೇಳಬೇಕು, ಕನ್ನಡದಲ್ಲಿ ಹೇಳಬೇಕು. 'ಡಿಸ್ಕಿನ ಈ ಭಾಗದಲ್ಲಿ ಜಾಗವಿಲ್ಲ', 'ಈ ಪ್ರಿಂಟರಿನ ಡ್ರೈವರ್ ಹೊಂದುತ್ತಿಲ್ಲ', 'ಡಿಸ್ಕ್ ಸಾಯುತ್ತಿದೆ, ಮೊದಲು ಫೈಲ್ ತೆಗೆದಿಡಿ'. ಸಂಖ್ಯೆ ಬೇಕಾದರೆ ಕೊನೆಯಲ್ಲಿರಲಿ. ಎರಡು, ಭದ್ರತೆಯ ಮದ್ದು ಬೇರೆ, ಹೊಸ ಅಲಂಕಾರ ಬೇರೆ ಎಂದು ವಿಂಗಡಿಸಬೇಕು. ಮದ್ದು ಯಂತ್ರ ಬಾಳುವ ತನಕ ಸಿಗಬೇಕು, ಅಲಂಕಾರ ಬೇಡವೆಂದರೆ ಬೇಡ. ಮೂರು, ಹಿಂದಿರುಗುವ ದಾರಿ ಪ್ರತಿ ಸಲವೂ ತೆರೆದಿರಬೇಕು, ನೆಟ್ ಇಲ್ಲದಿದ್ದರೂ. ನಾಲ್ಕು, ಬೆಂಬಲ ನಿಲ್ಲಿಸುವ ದಿನ ಆ ಯಂತ್ರವನ್ನು ಬೇರೆಯವರು ನೋಡಿಕೊಳ್ಳಲು ಬೇಕಾದ ತಿಳಿವಳಿಕೆಯನ್ನು ಬಿಟ್ಟುಕೊಡಬೇಕು. ತಾನೂ ಸಾಕುವುದಿಲ್ಲ, ಇನ್ನೊಬ್ಬರಿಗೂ ಕೊಡುವುದಿಲ್ಲ ಎಂಬುದು ನಡೆಯಬಾರದು.

ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ಕ್ಷೇತ್ರಗಳನ್ನು ಆರಿಸಿ ಆ ವರ್ಷದ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದು. ಆದರೆ ಇವತ್ತು ಯಂತ್ರ ಸಾಯುವುದು ಬೇರಿಂಗ್ ಸವೆದು ಅಲ್ಲ, ತಂತ್ರಾಂಶ ಕೈಬಿಟ್ಟು. ಬಿಡಿಭಾಗ ಸಿಗುವ ಹಕ್ಕಿನ ಜೊತೆ ತಂತ್ರಾಂಶದ ಬೆಂಬಲದ ಹಕ್ಕು ಸೇರದಿದ್ದರೆ ಅದು ಅರ್ಧ ಹಕ್ಕು. ಯುರೋಪಿನವರಿಗೆ ಸಿಕ್ಕಿದ್ದು ಇಲ್ಲಿಯವರಿಗೆ ಯಾಕಿಲ್ಲ ಎಂದು ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಪತ್ರದಲ್ಲಾದರೂ ಕೇಳಬೇಕು. ಕೊಳ್ಳುವ ಸರ್ಕಾರಕ್ಕೆ ಇರುವ ಬಲ ಒಬ್ಬ ಗಿರಾಕಿಗೆ ಇರುವುದಿಲ್ಲ.

ಬೇರೆ ದಾರಿಯೇ ಇಲ್ಲ ಎನ್ನುವವರು ಗಡಿಯಾಚೆ ನೋಡಲಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಎಷ್ಟೋ ವರ್ಷಗಳಿಂದ ಲಿನಕ್ಸ್ ಮೇಲೆ, ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ವ್ಯವಸ್ಥೆಯೊಳಗೆ ಕಲಿಯುತ್ತಿದ್ದಾರೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗದು? ಲಿನಕ್ಸ್ ಕೆಡುವುದಿಲ್ಲ ಎಂದು ನಾನು ಹೇಳುವುದಿಲ್ಲ, ಅದೂ ಕೆಡುತ್ತದೆ. ಆದರೆ ಅದರೊಳಗೆ ಏನಿದೆ ಎಂಬುದನ್ನು ತಿಳಿದವರು ಬಿಚ್ಚಿ ನೋಡಬಹುದು, ಯಾವ ಸಾಲಿನಲ್ಲಿ ಎಡವಿತು ಎಂದು ಹೇಳಬಹುದು, ಹಳೆಯ ಯಂತ್ರಕ್ಕೆ ಹೊಂದುವಂತೆ ತಿದ್ದಬಹುದು. ನಮಗೆ ಅಭ್ಯಾಸವಾಗಿರುವ ಕಗಪ ಕೀಲಿಮಣೆ ವಿನ್ಯಾಸವೂ ಅದರೊಳಗೇ ಇದೆ. ವಿಂಡೋಸ್ 11 ಬೇಡವೆಂದ ಏಳನೇ ಪೀಳಿಗೆಯ ಯಂತ್ರ ಅದರಲ್ಲಿ ಇನ್ನೂ ಬಹಳ ಕಾಲ ಓಡುತ್ತದೆ.

ಕಾನೂನು ಬರುವ ತನಕ ಮನೆಯಲ್ಲಿ ಮಾಡಬೇಕಾದದ್ದೂ ಇದೆ. ದೊಡ್ಡ ಅಪ್‌ಡೇಟ್‌ಗೆ ಮುಂಚೆ ಫೋಟೋ, ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿ. ಹಳೆಯ ನುಡಿ, ಬರಹ ಫೈಲ್‌ಗಳನ್ನು ಯುನಿಕೋಡ್‌ಗೆ ಬದಲಾಯಿಸಿ. 48 ಅಂಕಿಯ ಕೀ ಇದ್ದರೆ ಕಾಗದದ ಮೇಲೆ ಬರೆದು ರೇಷನ್ ಕಾರ್ಡಿನ ಜೊತೆ ಇಡಿ. ಅಪ್‌ಡೇಟ್ ನಂತರ ಎರಡು ಮೂರು ಸಲ ಏಳದಿದ್ದರೆ ರಿಕವರಿ ಪರದೆ ತಾನಾಗಿಯೇ ಬರುತ್ತದೆ, ಅದರಲ್ಲಿ ಕೊನೆಯ ಅಪ್‌ಡೇಟ್ ತೆಗೆದುಹಾಕುವ ಆಯ್ಕೆಯನ್ನು ಮೊದಲು ನೋಡಿ. ಅದೂ ಆಗದಿದ್ದರೆ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ ಫೈಲ್‌ಗಳನ್ನು ಹೊರತೆಗೆಯಬಹುದು, ಡಿಸ್ಕಿಗೆ ಬೀಗ ಬಿದ್ದಿದ್ದರೆ ಅದಕ್ಕೂ ಆ ಕೀ ಬೇಕಾಗುತ್ತದೆ. ಅಂಗಡಿಗೆ ಒಯ್ದರೆ ಫೈಲ್ ತೆಗೆದಿಡದೆ ಫಾರ್ಮ್ಯಾಟ್ ಮಾಡಲು ಬಿಡಬೇಡಿ. 'ಯಾಕೆ ಕೆಟ್ಟಿತು?' ಎಂದು ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೂ ಕೇಳಿ. ನೂರು ಗಿರಾಕಿಗಳು ಕೇಳಿದರೆ ಅವನೂ ತನ್ನ ಮೇಲಿನವರನ್ನು ಕೇಳುತ್ತಾನೆ.

ಹೊಲಿಗೆ ಯಂತ್ರ ನಿಂತರೆ ಸೂಜಿಯೋ ಬೆಲ್ಟೋ ಎಂದು ಮನೆಯಾಕೆ ಹೇಳುತ್ತಾಳೆ. ಪಂಪ್‌ಸೆಟ್ ನಿಂತರೆ ಫ್ಯೂಸೋ ಕಾಯಿಲೋ ಎಂದು ರೈತ ಹೇಳುತ್ತಾನೆ. ಇವರಾರೂ ಎಂಜಿನಿಯರುಗಳಲ್ಲ. ಯಂತ್ರ ಅವರಿಂದ ಏನನ್ನೂ ಮುಚ್ಚಿಡಲಿಲ್ಲ, ಅಷ್ಟೇ. ಇಂಥವರೇ ಕಂಪ್ಯೂಟರಿನ ಮುಂದೆ ಕೂತಾಗ ದಡ್ಡರಾಗುತ್ತಾರೆ ಎಂದರೆ ದಡ್ಡತನ ಅವರದ್ದಲ್ಲ, ಅವರನ್ನು ದಡ್ಡರಾಗಿ ಇಡುವಂತೆ ಅದನ್ನು ಮಾಡಲಾಗಿದೆ. 1929ರಲ್ಲಿ ಸ್ವಂತ ಸರ್ಕಾರವೂ ಇಲ್ಲದ ದೇಶವೊಂದು ಯಂತ್ರ ಮಾಡುವವರ ಮುಂದೆ ಷರತ್ತಿನ ಪಟ್ಟಿ ಇಟ್ಟಿತ್ತು. ಅವರ ಷರತ್ತಿನ ಪಟ್ಟಿಗೆ ಕಣ್ಣು ಮುಚ್ಚಿ 'ಒಪ್ಪಿದೆ' ಗುಂಡಿ ಒತ್ತುವ ನಾವು, ನಮ್ಮದೊಂದು ಪಟ್ಟಿ ಯಾವಾಗ ಇಡುತ್ತೇವೆ?